ಪಿಯುಸಿ ಆಗಿ 16 ವರ್ಷದ ಮೇಲೆ ಡಿಗ್ರಿ: ರೆಗ್ಯುಲರ್ ಕಾಲೇಜೋ, ಮುಕ್ತ ವಿವಿಯೋ?

ನಿಟುವಳ್ಳಿ ಓದುಗಿ, ದಾವಣಗೆರೆ

ನಮಸ್ಕಾರ. ವಯಸ್ಸು 34, ಪ್ರವರ್ಗ 2ಎ. 2009ರಲ್ಲಿ ಪಿಯುಸಿ ಕಲಾ ವಿಭಾಗ ಪಾಸು. ಇಬ್ಬರು ಮಕ್ಕಳು ಶಾಲೆಗೆ ಹೋಗ್ತಾರೆ. ಬಿ.ಎ. ಮುಗಿಸಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆ ಬರೆಯಬೇಕು ಅಂತಿದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತವರಿನ ಇನಿಷಿಯಲ್ ಇದೆ, ಆಧಾರ್‌ನಲ್ಲಿ ಮದುವೆ ನಂತರದ ಹೆಸರು. ಟಿಸಿ ಎಲ್ಲಿದೆಯೋ ಸಿಗ್ತಿಲ್ಲ. ಯಾವುದರಿಂದ ಶುರು ಮಾಡೋದು?

ಕಡತದ ಕೋಣೆ

ಹೆಸರಿನಿಂದ ಶುರು ಮಾಡ್ರಿ ಅಕ್ಕಾರೆ. ಫೀಸು ಕಟ್ಟೋದು ಆಮೇಲೆ. ಮುಕ್ತ ವಿವಿ, ದೂರಶಿಕ್ಷಣಕ್ಕೆ ಸೇರುವವರಿಗೆ ಈಗ ಯುಜಿಸಿಯ (ವಿವಿ ಅನುದಾನ ಆಯೋಗ) ಡೆಬ್ ಐಡಿ, ಅಂದ್ರೆ ಅದರ ದೂರಶಿಕ್ಷಣ ಬ್ಯೂರೋ ಕೊಡೋ ಗುರುತಿನ ಸಂಖ್ಯೆ, ಕಡ್ಡಾಯ. ಅದನ್ನು ಪಡೆಯೋಕೆ ಎಬಿಸಿ ಐಡಿ (ಓದಿನ ಕ್ರೆಡಿಟ್ ಜಮೆಯಾಗೋ ಆನ್‌ಲೈನ್ ಖಾತೆಯ ಸಂಖ್ಯೆ) ಬೇಕು, ಎಬಿಸಿ ಐಡಿಗೆ ಆಧಾರ್‌ನಲ್ಲಿರೋ ಹೆಸರೇ ಬರುತ್ತೆ. ಅಂಕಪಟ್ಟಿಯಲ್ಲಿ ಒಂದು ಹೆಸರು, ಐಡಿಯಲ್ಲಿ ಇನ್ನೊಂದು ಆದರೆ ಅರ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತೆ.

ಮದುವೆಯಾಯ್ತು ಅಂತ ಅಂಕಪಟ್ಟಿ ತಿದ್ದಿಸೋಕೆ ಹೋಗಬೇಡ್ರಿ. ಆಧಾರ್ ಅನ್ನೇ ಅಂಕಪಟ್ಟಿಗೆ ಹೊಂದಿಸ್ರಿ. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸೋಕೆ ಜೀವಮಾನದಲ್ಲಿ ಎರಡೇ ಅವಕಾಶ. ಮದುವೆ ಆದಮೇಲೆ ಒಂದು ಬಳಸಿದ್ರೆ ಉಳಿದಿರೋದು ಒಂದೇ. ಇನಿಷಿಯಲ್ ಮುಂದಿದೆಯೋ ಹಿಂದಿದೆಯೋ, ನಡುವೆ ಜಾಗ ಇದೆಯೋ ಇಲ್ಲವೋ, ಇಂಗ್ಲಿಷ್ ಸ್ಪೆಲ್ಲಿಂಗ್ ಏನು, ಎಲ್ಲಾನೂ ಅಂಕಪಟ್ಟಿ ಮುಂದಿಟ್ಟುಕೊಂಡು ಆಪರೇಟರ್ ಪರದೆಯಲ್ಲಿ ಓದಿ ನೋಡಿ, ಆಮೇಲೆ ಒಪ್ಪಿಗೆ ಕೊಡ್ರಿ. ಅಂಕಪಟ್ಟಿಯ ಮೂಲಪ್ರತಿ ಜೊತೆಗೆ ಫೋಟೋ ಇರೋ ಇನ್ನೊಂದು ಗುರುತಿನ ದಾಖಲೆನೂ ಒಯ್ರಿ. ಬದಲಾದ ಮೇಲೆ ಬ್ಯಾಂಕು, ಪ್ಯಾನ್ ಕೂಡ ಹೊಂದಿಸಿಕೊಳ್ಳಬೇಕು.

ಟಿಸಿ ಕಳೆದಿದೆ ಅಂತ ಈಗಲೇ ತೀರ್ಮಾನಿಸಬೇಡ್ರಿ. ಪಿಯುಸಿ ಮುಗಿದ ಮೇಲೆ ಎಷ್ಟೋ ಮಂದಿ ಅದನ್ನು ತಗೊಂಡೇ ಇರಲ್ಲ. ರಿಜಿಸ್ಟರ್ ನಂಬರ್, ಪಾಸಾದ ವರ್ಷ ಬರೆದುಕೊಂಡು ಹೋಗಿ ಕಾಲೇಜು ಕಚೇರಿಯಲ್ಲಿ ಕೇಳ್ರಿ. ನಿಜವಾಗಿ ಕಳೆದಿದ್ರೆ ಪೊಲೀಸ್ ಠಾಣೆಯ ಸ್ವೀಕೃತಿ, ನೋಟರಿ ಅಫಿಡವಿಟ್ ಎರಡನ್ನೂ ಇಟ್ಟು ನಕಲು ಟಿಸಿ ಕೇಳಬಹುದು.

ಕೋಟೆನಾಡು, ಚಿತ್ರದುರ್ಗ

ನಿಮ್ಮ ವಿಷಯದಲ್ಲಿ ನನಗೆ ದೊಡ್ಡದಾಗಿ ಕಾಣೋದು ವಯಸ್ಸು. ರಾಜ್ಯ ಸರ್ಕಾರದ ನೇಮಕಾತಿಗೆ ಸಾಮಾನ್ಯವಾಗಿ ಗರಿಷ್ಠ ವಯಸ್ಸು ಹೀಗಿದೆ: ಸಾಮಾನ್ಯ ವರ್ಗಕ್ಕೆ 35, 2ಎ, 2ಬಿ, 3ಎ, 3ಬಿಗೆ 38, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ 1ಕ್ಕೆ 40. ಡಿಗ್ರಿಗೆ ಕನಿಷ್ಠ 3 ವರ್ಷ ಹಿಡಿದರೆ ನಿಮಗೆ 37. ಒಂದು ಪೇಪರ್ ಬಾಕಿ ಉಳಿದರೂ, ಆ ವರ್ಷ ಅಧಿಸೂಚನೆ ಬಾರದಿದ್ದರೂ ಗಡಿ ದಾಟುತ್ತೆ. ಸರ್ಕಾರ ಆಗಾಗ ಸಡಿಲಿಕೆ ಕೊಡೋದುಂಟು, ಆದರೆ ಅದನ್ನೇ ನಂಬಿ ಕೂರೋದು ಬೇಡ.

ಆದ್ದರಿಂದ ಡಿಗ್ರಿ ಮುಗಿಯುವ ತನಕ ಕಾಯಬೇಡಿ. ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಮತ್ತು ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳಿಗೆ ಪಿಯುಸಿ ಸಾಕು. ಅಧಿಸೂಚನೆ ಬಂದ ಕೂಡಲೇ ಅರ್ಜಿ ಹಾಕಿ. ಬಿ.ಎ.ಗೆ ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಆರಿಸಿಕೊಂಡರೆ ಡಿಗ್ರಿ ಓದೇ ಸಾಮಾನ್ಯ ಜ್ಞಾನದ ಪತ್ರಿಕೆಗೂ ಒದಗುತ್ತೆ.

ನಿಟುವಳ್ಳಿ ಓದುಗಿ

ಎಸ್‌ಡಿಎ ವಿಷಯ ಹೊಳೆದೇ ಇರಲಿಲ್ಲ, ತುಂಬಾ ಉಪಕಾರ ಆಯ್ತು. ಆದರೆ ಮುಕ್ತ ವಿವಿ ಡಿಗ್ರಿಗೆ ಬೆಲೆ ಇಲ್ಲ ಅಂತ ಮನೇಲಿ ಹೇಳ್ತಾರೆ. ದಿನಕ್ಕೆ ಎಷ್ಟು ಹೊತ್ತು ಓದಬೇಕಾಗುತ್ತೆ?

ಶಿವಗಂಗೋತ್ರಿ ದಾರಿ

ಆ ಮಾತಿಗೆ ಒಂದು ಕಾರಣ ಇದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿವಿಗೆ ಕೆಲವು ವರ್ಷ ಯುಜಿಸಿ ಮಾನ್ಯತೆ ತಪ್ಪಿತ್ತು. 2018-19ರಿಂದ ಮತ್ತೆ ಸಿಕ್ಕಿದೆ. ಮಾನ್ಯತೆ ಇರುವ ಕೋರ್ಸಿನ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮಾನ ಅಂತ ಯುಜಿಸಿಯೇ ಹೇಳುತ್ತೆ. ನೀವು ಸೇರುವ ಕೋರ್ಸು, ಸೇರುವ ವರ್ಷ ಎರಡೂ ಯುಜಿಸಿಯ ದೂರಶಿಕ್ಷಣ ಬ್ಯೂರೋ ಪಟ್ಟಿಯಲ್ಲಿ ಇವೆಯಾ ನೋಡಿ, ಆ ಪುಟ ಮುದ್ರಿಸಿ ಇಟ್ಟುಕೊಳ್ಳಿ. ಕನ್ನಡ ಮಾಧ್ಯಮ ಬೇಕಿದ್ದರೆ ಮೈಸೂರಿನ ಈ ಮುಕ್ತ ವಿವಿಯೇ ಸರಿ. ಕೇಂದ್ರದ ಮುಕ್ತ ವಿವಿಯಾದ ಇಗ್ನೋದಲ್ಲಿ ಪಾಠದ ಪುಸ್ತಕ ಹೆಚ್ಚಾಗಿ ಇಂಗ್ಲಿಷ್, ಹಿಂದಿಯಲ್ಲಿ. ರೆಗ್ಯುಲರ್ ಕಾಲೇಜಿನಲ್ಲಿ 75% ಹಾಜರಿ ಬೇಕು. ಮಗುವಿಗೆ ಜ್ವರ ಬಂದ ವಾರ ಆ ಹಾಜರಿ ಕೈಕೊಡುತ್ತೆ, ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸಲ್ಲ.

ಓದಿನ ಹೊತ್ತು ಲೆಕ್ಕ ಹಾಕಿ. ದೂರಶಿಕ್ಷಣದಲ್ಲಿ ಒಂದು ಕ್ರೆಡಿಟ್ ಅಂದ್ರೆ 30 ಗಂಟೆ ಓದು. ಸೆಮಿಸ್ಟರ್‌ಗೆ 20 ಕ್ರೆಡಿಟ್ ಆದರೆ 600 ಗಂಟೆ, 26 ವಾರಕ್ಕೆ ಹಂಚಿದರೆ ವಾರಕ್ಕೆ ಸುಮಾರು 23. ಬೆಳಗ್ಗೆ 4.30ರಿಂದ 6.30, ಮಕ್ಕಳು ಶಾಲೆಗೆ ಹೋದ ಮೇಲೆ ಇನ್ನೊಂದೂವರೆ ಗಂಟೆ ಸಿಕ್ಕರೆ ಹತ್ತಿರ ಬರುತ್ತೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಓದ್ತೀನಿ ಅನ್ನೋ ಲೆಕ್ಕ ಬೇಡ, ದಣಿದ ಮೈಗೆ ಅದು ದಕ್ಕಲ್ಲ. ಆ ಎರಡು ಗಂಟೆ ಯಾರೂ ಕರೆಯಬಾರದು ಅಂತ ಅತ್ತೆ, ಯಜಮಾನರ ಹತ್ತಿರ ಅಡ್ಮಿಷನ್‌ಗೆ ಮೊದಲೇ ಮಾತಾಡಿಕೊಳ್ಳಿ.

ಕಡತದ ಕೋಣೆ

ಒಂದು ಸೇರಿಸ್ತೀನಿ. ದೂರಶಿಕ್ಷಣದಲ್ಲಿ ಸೋಲೋರು ಹೆಚ್ಚಾಗಿ ಅಸೈನ್‌ಮೆಂಟ್ ಬಿಟ್ಟು ಸೋಲ್ತಾರೆ. ಇಗ್ನೋದಲ್ಲಾದ್ರೆ ಹೆಚ್ಚಿನ ಕೋರ್ಸುಗಳಲ್ಲಿ ಅದಕ್ಕೇ 30% ಅಂಕ, ಪರೀಕ್ಷೆಗೆ 70%. ಪುಸ್ತಕ ಕೈಗೆ ಬಂದ ವಾರವೇ ಅಸೈನ್‌ಮೆಂಟ್ ಪ್ರಶ್ನೆ ಮುಂದಿಟ್ಟುಕೊಂಡು ಓದ್ರಿ, ಎರಡೂ ಒಟ್ಟಿಗೆ ಮುಗೀತವೆ. ಕೊಟ್ಟಿದ್ದಕ್ಕೆ ಸೀಲು, ತಾರೀಖು ಇರೋ ರಸೀದಿ ತಗೊಂಡು ಫೋಟೋ ಹೊಡೆದಿಡ್ರಿ. ಅಂಕ ಏರದೇ ಇದ್ದಾಗ ಅದೊಂದೇ ಆಧಾರ.