ಒಂದೇ ಊರಿನ ಹೆಸರು ಲಕ್ಷ ಸಲ: ಸಿ ಪ್ರೋಗ್ರಾಂ ಮೆಮೊರಿ ಸಾಲದೆ ಸಾಯುತ್ತಿದೆ

ಮಳೆಲೆಕ್ಕ:
ನಮಸ್ಕಾರ. ಕೊಡಗಿನ ನಾಪೋಕ್ಲು ಹತ್ತಿರದ ತೋಟದಿಂದ ಬರೆಯುತ್ತಿದ್ದೇನೆ. ನೆಂಟರು, ಸ್ನೇಹಿತರ ತೋಟ ಎಲ್ಲ ಸೇರಿ 22 ಕಡೆ ತಾನೇ ಅಳೆಯುವ ಮಳೆಮಾಪಕ ಇಟ್ಟಿದ್ದೇವೆ. 15 ನಿಮಿಷಕ್ಕೊಂದು ಸಾಲು. ಐದು ವರ್ಷದ್ದು ಒಟ್ಟು 38.5 ಲಕ್ಷ ಸಾಲು ಆಗಿದೆ. ಪ್ರತಿ ಸಾಲಿನಲ್ಲಿ ಸಮಯ, ಮಳೆ, ಊರು, ತಾಲೂಕು, ಮತ್ತೆ ಒಂದು ಟಿಪ್ಪಣಿ ('ಸರಿ', 'ಬ್ಯಾಟರಿ ಕಡಿಮೆ', 'ಎಲೆ ಕಟ್ಟಿದೆ', ಹೀಗೆ ನಾಲ್ಕೇ ನಾಲ್ಕು ಬಗೆ).

ಸಿ ಪ್ರೋಗ್ರಾಂ ಸಾಲು ಸಾಲಾಗಿ ಓದಿ, ಊರು, ತಾಲೂಕು, ಟಿಪ್ಪಣಿ ಮೂರೂ ಪದಗಳಿಗೆ ಸ್ಟ್ರ್‌ಡಪ್ ಮಾಡಿ (ಅಂದರೆ ಹೊಸ ಮೆಮೊರಿಯಲ್ಲಿ ನಕಲು ತೆಗೆದು) ಸ್ಟ್ರಕ್ಟ್‌ಗೆ (ಒಂದು ಸಾಲಿನ ವಿವರವೆಲ್ಲ ಒಟ್ಟಿಗೆ ಇಡುವ ಕಟ್ಟು) ಹಾಕುತ್ತದೆ. ಓಡುವುದು ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಅನ್ನೋ ಪುಟ್ಟ ಕಂಪ್ಯೂಟರ್ ಮೇಲೆ, 64 ಬಿಟ್ ಲಿನಕ್ಸ್, 512 ಎಂಬಿ ರ‍್ಯಾಮ್. ಮುಕ್ಕಾಲು ಭಾಗ ಓದಿ 'ಕಿಲ್ಡ್' ಅಂತ ಬಂದು ನಿಲ್ಲುತ್ತದೆ. ಲೀಕ್ (ತೆಗೆದುಕೊಂಡ ಮೆಮೊರಿ ವಾಪಸ್ ಕೊಡದೆ ಕಳೆದುಹೋಗುವುದು) ಇರಬಹುದು ಅಂತ ಅದನ್ನು ಹುಡುಕುವ ವಾಲ್‌ಗ್ರಿಂಡ್ ಹಾಕಿ ನೋಡಿದೆ, ಏನೂ ಇಲ್ಲ. ಎಲ್ಲಿ ಹೋಗುತ್ತಿದೆ ಮೆಮೊರಿ?

ಹಳೇಪಾಯಿಂಟರ್:
ಲೀಕ್ ಅಲ್ಲ ತಮ್ಮಾ, ನೀವೇ ಕೈಯಾರೆ ಕೊಡುತ್ತಿದ್ದೀರಿ. ಲೆಕ್ಕ ಹಾಕಿ.

ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. 'ಮಡಿಕೇರಿ' ಅಂದರೆ ಗುಡಿಸು, ಏತ್ವ ಎಲ್ಲ ಸೇರಿ 7 ಸಂಕೇತ, 21 ಬೈಟ್, ಪದ ಮುಗಿಯಿತು ಅಂತ ಸಿ ಇಡುವ ಕೊನೆಯ ಸೊನ್ನೆ ಸೇರಿ 22. 64 ಬಿಟ್ ಜಿಲಿಬ್‌ಸಿ (ಲಿನಕ್ಸ್‌ನ ಸಿ ಲೈಬ್ರರಿ) ಒಳಗಿನ, ಮೆಮೊರಿ ಹಂಚುವ ಮ್ಯಾಲಾಕ್ ಅದಕ್ಕೆ ತನ್ನ 8 ಬೈಟ್ ಸೇರಿಸಿ 32ಕ್ಕೆ ಏರಿಸುತ್ತದೆ. 'ವಿರಾಜಪೇಟೆ' 28 ಬೈಟ್, ಅದಕ್ಕೆ 48 ಹೋಗುತ್ತದೆ. 'ಸರಿ' ಅನ್ನೋ ಪುಟ್ಟ ಪದಕ್ಕೂ 32, ಅದಕ್ಕಿಂತ ಚಿಕ್ಕ ತುಂಡು ಅವನು ಕೊಡುವುದೇ ಇಲ್ಲ. ಸಾಲಿಗೆ ಸುಮಾರು 120 ಬೈಟ್ ಅಂದುಕೊಂಡರೂ ಬರೀ ಹೆಸರುಗಳಿಗೇ 460 ಎಂಬಿ ಆಯಿತು. ನಿಮ್ಮ ಸ್ಟ್ರಕ್ಟ್ 40 ಬೈಟ್ ಇರಬೇಕು, ಅದು 154 ಎಂಬಿ. 512ರಲ್ಲಿ ಹಿಡಿಸುತ್ತಾ?

ಇರುವ ಹೆಸರು ಮಾತ್ರ ಮೂವತ್ತು ಚಿಲ್ಲರೆ! ಒಂದೊಂದನ್ನೂ ಒಂದೇ ಸಲ ಇಟ್ಟು ಎಲ್ಲ ಸಾಲುಗಳೂ ಅದನ್ನೇ ತೋರಿಸಲಿ. ಇದಕ್ಕೆ ಸ್ಟ್ರಿಂಗ್ ಇಂಟರ್ನಿಂಗ್ ಅನ್ನುತ್ತಾರೆ (ಸ್ಟ್ರಿಂಗ್ ಅಂದರೆ ಅಕ್ಷರಗಳ ಸರ). ಲುವಾ ಭಾಷೆ 40 ಬೈಟ್‌ವರೆಗಿನ ಸ್ಟ್ರಿಂಗ್‌ಗಳಿಗೆ ಇದನ್ನೇ ಮಾಡುತ್ತದೆ. ಸಿ-ಯಲ್ಲಿ ನಾವೇ ಬರೆದುಕೊಳ್ಳಬೇಕು, ಐವತ್ತು ಸಾಲಿನ ಕೆಲಸ. ಫೋನಿಂದ ಬರೆಯುತ್ತಿದ್ದೇನೆ, ಮಾತಿನಲ್ಲೇ ಹೇಳಿಬಿಡುತ್ತೇನೆ. ಒಂದು ಹ್ಯಾಶ್ ಟೇಬಲ್ ಇಟ್ಟುಕೊಳ್ಳಿ. ಪದ ಬಂತು, ಹ್ಯಾಶ್ ತೆಗೆಯಿರಿ, ಅಂದರೆ ಅದರ ಬೈಟ್‌ಗಳಿಂದ ಒಂದು ಸಂಖ್ಯೆ, ಟೇಬಲ್‌ನಲ್ಲಿ ಅದರ ಜಾಗ ಹೇಳುವುದು ಅದೇ (ಎಫ್‌ಎನ್‌ವಿ-1ಎ ಅನ್ನೋ ಸೂತ್ರ ಸಾಕು, ದೊಡ್ಡದೇನೂ ಬೇಡ). ಆ ಜಾಗದಲ್ಲಿ ಅದೇ ಉದ್ದದ, ಅದೇ ಬೈಟ್‌ಗಳ ಪದ ಇದ್ದರೆ ಅದರ ಪಾಯಿಂಟರ್ (ಮೆಮೊರಿಯಲ್ಲಿ ಅದರ ವಿಳಾಸ) ವಾಪಸ್ ಕೊಡಿ. ಇಲ್ಲದಿದ್ದರೆ ಮಾತ್ರ ನಕಲು ಮಾಡಿ ಸೇರಿಸಿ. ಆಮೇಲೆ ಎರಡು ಊರು ಒಂದೇನಾ ಅಂತ ನೋಡಲು ಬೈಟ್ ಬೈಟ್ ಹೋಲಿಸುವ ಸ್ಟ್ರ್‌ಕಂಪ್ ಬೇಡ, ಪಾಯಿಂಟರ್ ಒಂದೇನಾ ನೋಡಿದರೆ ಮುಗಿಯಿತು. ಅಕಾರಾದಿ ಜೋಡಿಸಲು ಮಾತ್ರ ಸ್ಟ್ರ್‌ಕಂಪ್ ಬೇಕೇ ಬೇಕು.

ಸಂಪಾಜೆ_ಘಾಟಿ:
ಇದನ್ನೆಲ್ಲ ಕಂಪೈಲರೇ ಮಾಡುವುದಿಲ್ವಾ ಮಾರಾಯ್ರೇ? ಜಿಸಿಸಿ ಕಂಪೈಲರ್ ಒಂದೇ ಥರದ ಸ್ಟ್ರಿಂಗ್‌ಗಳನ್ನು ಒಂದು ಮಾಡುತ್ತದೆ ಅಂತ ಓದಿದ ನೆನಪು.

ಹಳೇಪಾಯಿಂಟರ್:
ಕೋಡ್‌ನಲ್ಲೇ ಉದ್ಧರಣ ಚಿಹ್ನೆಯೊಳಗೆ ಬರೆದವನ್ನು ಮಾತ್ರ. ಅದೂ ಮಾಡಲೇಬೇಕು ಅಂತ ಸಿ ನಿಯಮದಲ್ಲಿಲ್ಲ. ಫೈಲಿನಿಂದ ಓದಿದ್ದು ಕಂಪೈಲರ್‌ಗೆ ಹೇಗೆ ಗೊತ್ತಾಗಬೇಕು?

ಮಳೆಲೆಕ್ಕ:
ಎರಡು ದಿನ ಕರೆಂಟ್ ಇರಲಿಲ್ಲ, ಈಗ ಕೂತು ಬರೆದೆ. ಅಣ್ಣಾ, ಹೊಸ ಎರಡು ತೊಂದರೆ ಬಂದಿದೆ.

ಒಂದು, ಕೊನೆಗೆ ಎಲ್ಲ ಸಾಲಿನ ಪದಗಳನ್ನು ಫ್ರೀ ಮಾಡುವ (ಮೆಮೊರಿ ವಾಪಸ್ ಕೊಡುವ) ಲೂಪ್‌ನಲ್ಲಿ 'ಡಬಲ್ ಫ್ರೀ' ಅಂತ ಬೈದು ಸಾಯುತ್ತದೆ. ಇನ್ನೊಂದು ವಿಚಿತ್ರ. ಭಾಗಮಂಡಲ, ಶ್ರೀಮಂಗಲ ಎಲ್ಲ ಸರಸರ ಓದುತ್ತದೆ. ಗೋಣಿಕೊಪ್ಪಲಿನ ಸಾಲು ಶುರುವಾದ ಕೂಡಲೇ ಆಮೆ. ಕಾಫಿ ಕುಡಿದು ಬಂದರೂ ಅಲ್ಲೇ ಇತ್ತು. ಟೇಬಲ್‌ನಲ್ಲಿ ಒಟ್ಟು ಎಷ್ಟು ಪದ ಅಂತ ಪ್ರಿಂಟ್ ಹಾಕಿದರೆ 1,75,230!

ಹಳೇಪಾಯಿಂಟರ್:
ಮೊದಲನೆಯದು ಸುಲಭ. ಹಂಚಿಕೊಂಡ ಪದ ಐನ್‌ಮನೆ, ಅಂದರೆ ಇಡೀ ಕುಟುಂಬದ ಮೂಲ ಮನೆ ಇದ್ದ ಹಾಗೆ. ಯಾರೋ ಒಬ್ಬರು ಬಂದು ನನ್ನ ಪಾಲು ಅಂತ ಕಂಬ ಕಿತ್ತುಕೊಂಡು ಹೋಗಲು ಆಗುತ್ತಾ? ಸಾಲುಗಳು ಫ್ರೀ ಮಾಡಲೇ ಬಾರದು. ಕೊನೆಗೆ ಟೇಬಲ್ ಒಂದನ್ನು ಕೆಡವಿ ಸಾಕು.

ಎರಡನೆಯದಕ್ಕೆ ಒಂದು ಪ್ರಶ್ನೆ. ಒಂದು ಮಾಪಕದ ಐದು ವರ್ಷದ ಸಾಲು 1,75,200. ನಿಮ್ಮ ಸಂಖ್ಯೆಯಿಂದ ಕಳೆದರೆ 30 ಉಳಿಯುತ್ತದೆ. ಅಂದರೆ ಗೋಣಿಕೊಪ್ಪಲು ಒಂದೇ ಪ್ರತಿ ಸಾಲಿಗೂ ಹೊಸದಾಗಿ ಸೇರುತ್ತಿದೆ. ಆ ಹೆಸರಿಗೆ ಬೇರೆ ಏನಾದರೂ ಮಾಡುತ್ತಿದ್ದೀರಾ?

ಮಳೆಲೆಕ್ಕ:
ಅಯ್ಯೋ. ಹೌದು. ನಕ್ಷೆಯಲ್ಲಿ ಜಾಗ ಸಾಲದು ಅಂತ ಕೊನೆಯ 'ಲು' ತೆಗೆದು 'ಗೋಣಿಕೊಪ್ಪ' ಮಾಡುತ್ತೇನೆ. ಕೊನೆಯಿಂದ 6 ಬೈಟ್ ಹಿಂದೆ ಒಂದು ಸೊನ್ನೆ, ಅಷ್ಟೇ.

ಹಳೇಪಾಯಿಂಟರ್:
ಅದೇ. ನೀವು ಕತ್ತರಿಸಿದ್ದು ಟೇಬಲ್ ಒಳಗಿನ ಪದವನ್ನೇ. ಮುಂದಿನ ಸಾಲಿನಲ್ಲಿ ಪೂರ್ತಿ 'ಗೋಣಿಕೊಪ್ಪಲು' ಬಂತು. ಹ್ಯಾಶ್ ಅದೇ ಜಾಗಕ್ಕೆ ಕರೆದುಕೊಂಡು ಹೋಯಿತು, ಅಲ್ಲಿ ಕೂತಿರುವುದು ಬಾಲ ಕತ್ತರಿಸಿದ್ದು. ಸಿಗಲಿಲ್ಲ, ಹೊಸದು ಸೇರಿತು, ಅದರ ಬಾಲವೂ ಹೋಯಿತು. ಹೀಗೆ ಒಂದೇ ಕಡೆ ಸರಪಳಿ ಬೆಳೆಯಿತು, ಪ್ರತಿ ಸಲ ಅದರ ಕೊನೆವರೆಗೆ ಹುಡುಕಾಟ. ಆಮೆ ಆಗದೆ ಇನ್ನೇನು?

ಕತ್ತರಿಸುವುದು, ಸ್ಪೇಸ್ ತೆಗೆಯುವುದು, ಎಲ್ಲವನ್ನೂ ಓದುವ ಬಫರ್‌ನಲ್ಲೇ (ಸಾಲು ಓದಿದ ತಾತ್ಕಾಲಿಕ ಜಾಗದಲ್ಲೇ) ಮುಗಿಸಿ ಆಮೇಲೆ ಟೇಬಲ್‌ಗೆ ಕೊಡಿ. ಇಂಟರ್ನ್ ಫಂಕ್ಷನ್ ವಾಪಸ್ ಕೊಡುವುದು, ಸ್ಟ್ರಕ್ಟ್‌ನಲ್ಲಿ ಇರುವುದು, ಎರಡೂ 'ಕಾನ್ಸ್ಟ್ ಚಾರ್' ಪಾಯಿಂಟರ್, ಅಂದರೆ ಓದಲು ಮಾತ್ರ ಆಗಲಿ. ಆಗ ಅಪ್ಪಿತಪ್ಪಿ ಬರೆದರೆ ಕಂಪೈಲರೇ ಕಿರುಚುತ್ತದೆ. ಮೊದಲ ದಿನವೇ ಇದನ್ನು ಹೇಳಬೇಕಿತ್ತು, ನನ್ನದೂ ತಪ್ಪು.

ಮಳೆಲೆಕ್ಕ:
ಸರಿಹೋಯಿತು! ಮೆಮೊರಿ ಬಳಕೆ ತೋರಿಸುವ ಟಾಪ್‌ನಲ್ಲಿ 160 ಎಂಬಿ ಆಸುಪಾಸು. ಆದರೆ ಪದಗಳ ಲೆಕ್ಕ 31 ಬರುತ್ತಿದೆ, ನನ್ನ ಪ್ರಕಾರ 30. ಪಟ್ಟಿ ಪ್ರಿಂಟ್ ಮಾಡಿದರೆ 'ಸೋಮವಾರಪೇಟೆ' ಎರಡು ಸಲ ಇದೆ. ಊರಿನ ಕಾಲಂನದು ಒಂದು, ತಾಲೂಕಿನದು ಒಂದು. ಕಣ್ಣಿಗೆ ಎರಡೂ ಒಂದೇ. ಸ್ಪೇಸ್ ಕೂಡ ಇಲ್ಲ.

ಸಂಪಾಜೆ_ಘಾಟಿ:
ಎರಡರ ಸ್ಟ್ರ್‌ಲೆನ್ (ಬೈಟ್‌ಗಳಲ್ಲಿ ಉದ್ದ) ಹಾಕಿ ನೋಡಿ.

ಮಳೆಲೆಕ್ಕ:
ಒಂದು 30, ಇನ್ನೊಂದು 39.

ಸಂಪಾಜೆ_ಘಾಟಿ:
ಹಾಗಾದರೆ ಯೂನಿಕೋಡ್ ಆಟ. 'ಸೋ'ದ ಓತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಬಿಡಿಸಿ ಮೂರಾಗಿಯೂ ಬರೆಯಬಹುದು. 'ಪೇ'ಯ ಏತ್ವವೂ ಹಾಗೇ, ಒಂದು ಅಥವಾ ಎರಡು. ಒಟ್ಟು ಮೂರು ಸಂಕೇತ ಜಾಸ್ತಿ, ಅಂದರೆ 9 ಬೈಟ್. ಊರಿನ ಹೆಸರು ಎಲ್ಲಿಂದ ಬಂತು? ಹಳೇ ಮ್ಯಾಕ್ ಏನಾದರೂ?

ಮಳೆಲೆಕ್ಕ:
ಹೇಗೆ ಗೊತ್ತಾಯಿತು! ಚಿಕ್ಕಪ್ಪನ ತೋಟದ ಫೈಲ್ ಅವರ ಹಳೇ ಮ್ಯಾಕ್‌ನಲ್ಲಿತ್ತು. ಫೈಲಿನ ಹೆಸರನ್ನೇ ಊರಿನ ಕಾಲಂಗೆ ತುಂಬಿಸುವ ಸ್ಕ್ರಿಪ್ಟ್ ಬರೆದಿದ್ದೆ.

ಸಂಪಾಜೆ_ಘಾಟಿ:
ಹಳೇ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಅನ್ನೋ ಫೈಲ್ ವ್ಯವಸ್ಥೆ ಫೈಲ್ ಹೆಸರನ್ನು ಬಿಡಿಸಿಯೇ ಇಡುತ್ತದೆ. ಯುಟಿಎಫ್8ಪ್ರಾಕ್ ಅಂತ ಸಣ್ಣ ಸಿ ಲೈಬ್ರರಿ ಇದೆ. ಅದರಲ್ಲಿ ಎನ್‌ಎಫ್‌ಸಿ ರೂಪಕ್ಕೆ (ಬಿಡಿಸಿದ್ದನ್ನು ಕೂಡಿಸಿದ ರೂಪ) ತಂದು ಆಮೇಲೆ ಟೇಬಲ್‌ಗೆ ಹಾಕಿ.

ಹಳೇಪಾಯಿಂಟರ್:
ಚೆನ್ನಾಗಿ ಹಿಡಿದಿರಿ. ನನಗೆ ಹೊಳೆಯುತ್ತಿರಲಿಲ್ಲ, ನಾನು ಇಂಗ್ಲಿಷ್ ಹೆಸರಿನ ಕಾಲದವನು.

ಇನ್ನೂ ಇಳಿಸಬೇಕಾದರೆ ಪಾಯಿಂಟರ್ ಬದಲು ಟೇಬಲ್‌ನ ಕ್ರಮಸಂಖ್ಯೆ ಇಡಿ. 8 ಬೈಟ್ ಜಾಗಕ್ಕೆ 2 ಬೈಟ್ ಸಾಕು. ಸ್ಟ್ರಕ್ಟ್ 40ರಿಂದ 24ಕ್ಕೆ ಬರುತ್ತದೆ, ಒಟ್ಟು 92 ಎಂಬಿ. ಅಸಲಿಗೆ ಊರು ಗೊತ್ತಿದ್ದರೆ ತಾಲೂಕು ಗೊತ್ತೇ ಇದೆಯಲ್ಲ, ಪ್ರತಿ ಸಾಲಿನಲ್ಲಿ ಅದು ಯಾಕೆ?

ಮಳೆಲೆಕ್ಕ:
ಎಲ್ಲ ಮಾಡಿದೆ. ಪದಗಳು ಸರಿಯಾಗಿ 30. ಕಾಫಿ ಹೂ ಅರಳಿಸುವ ಹೂಮಳೆ ಯಾವ ತೋಟಕ್ಕೆ ಯಾವಾಗ ಬಿತ್ತು ಅಂತ ಐದೂ ವರ್ಷದ್ದು ಒಟ್ಟಿಗೆ ತೆಗೆದು ಅಪ್ಪನಿಗೆ ತೋರಿಸಿದೆ. ನೋಡಿದರು. 'ಈ ಮಿಲಿಮೀಟರ್ ಯಾರಿಗೆ ಬೇಕು, ಇಂಚು-ಸೆಂಟಿನಲ್ಲಿ ತೋರಿಸು' ಅಂದರು (ಸೆಂಟು ಅಂದರೆ ಇಂಚಿನ ನೂರನೇ ಒಂದು ಭಾಗ). ಈಗ ಎಲ್ಲವನ್ನೂ 25.4ರಿಂದ ಭಾಗಿಸುತ್ತಾ ಕೂತಿದ್ದೇನೆ.