ವಾಲ್ಯೂಮ್ ಇಳಿಸುವುದು ಲ್ಯಾಪ್‌ಟಾಪಲ್ಲೋ, ಆಂಪಲ್ಲೋ?

ಮಣ್ಣಗುಡ್ಡೆಯವ:
ರಾತ್ರಿ ಎಲ್ಲರೂ ಮಲಗಿದ ಮೇಲೆ ತಾಳಮದ್ದಳೆ ಕೇಳುತ್ತೇನೆ. ಲ್ಯಾಪ್‌ಟಾಪ್, ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಫೈಲನ್ನು ಆನಲಾಗ್ ಸಿಗ್ನಲ್ ಮಾಡಿ ಆಂಪಿಗೆ ಕೊಡುವ ಪೆಟ್ಟಿಗೆ), ಹಳೇ ಸ್ಟೀರಿಯೋ ಆಂಪ್, ಬುಕ್‌ಶೆಲ್ಫ್ ಸ್ಪೀಕರ್. ಆಂಪಿನ ನಾಬ್ ತೀರಾ ಕೆಳಗಿಟ್ಟರೆ ಭಾಗವತರು ಎಡಗಡೆ ಸರಿದು ಕೂತ ಹಾಗೆ ಕೇಳುತ್ತದೆ. ಮಳೆಗಾಲ ಶುರುವಾದರೆ ಕರಕರ ಬೇರೆ. ಲ್ಯಾಪ್‌ಟಾಪಲ್ಲೇ ಇಳಿಸಿದರೆ ಬಿಟ್ ಹೋಗಿ ಸದ್ದಿನ ಸೂಕ್ಷ್ಮ ವಿವರ ಕಳೆದುಹೋಗುತ್ತದೆ ಅಂತ ಗೆಳೆಯ ಹೆದರಿಸಿದ್ದಾನೆ. ಆಂಪಿಗೆ ಮೊದಲೇ ವಾಲ್ಯೂಮ್ ಇಳಿಸಿಕೊಡುವ ಹೊಸ ಪ್ರೀಆಂಪ್ ತೆಗೆದುಕೊಳ್ಳಬೇಕಾ?

ಉಡುಪಿ ರಿಪೇರಿ:
ದುಡ್ಡು ಸದ್ಯಕ್ಕೆ ಜೇಬಲ್ಲೇ ಇರಲಿ ಮಾರಾಯ್ರೆ. ಭಾಗವತರನ್ನು ಸರಿಸಿದ್ದು ನಾಬಿನ ಹಿಂದಿರುವ ಪಾಟ್, ಅಂದರೆ ತಿರುಗಿಸಿದಂತೆ ವಾಲ್ಯೂಮ್ ಬದಲಿಸುವ ರೆಸಿಸ್ಟರ್. ಅದರಲ್ಲಿ ಎಡಕ್ಕೊಂದು ಬಲಕ್ಕೊಂದು ಕಾರ್ಬನ್ ಪಟ್ಟಿ ಉಂಟು. ತೀರಾ ಕೆಳಗೆ ಇವೆರಡೂ ಸಮ ಇರುವುದು ಅಪರೂಪ. ಸ್ವಲ್ಪ ಮೇಲೆ ಹೋದರೆ ಸರಿಯಾಗುತ್ತದೆ. ಕರಕರಕ್ಕೆ ಪ್ಲಗ್ ತೆಗೆದು ಪಾಟಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ, ಆಚೆ ಈಚೆ ಚೆನ್ನಾಗಿ ತಿರುಗಿಸಿ, ಒಣಗಲು ಬಿಡಿ. ಹೊಲಿಗೆ ಮಿಷಿನ್ ಎಣ್ಣೆ ಮಾತ್ರ ಬೇಡ! ಹಾಗೆ ಮಾಡಿ ನನ್ನ ಹತ್ತಿರ ತರುವವರು ಇದ್ದಾರೆ.

ಇನ್ನು ಬಿಟ್ ವಿಷಯ. ಒಂದು ಬಿಟ್ ಅಂದರೆ ಸುಮಾರು 6 ಡಿಬಿ (ಡೆಸಿಬೆಲ್, ಸದ್ದಿನ ಮಟ್ಟದ ಅಳತೆ). ಸಿಡಿ ಗುಣಮಟ್ಟದ ಫೈಲ್ 16 ಬಿಟ್. ನಿಮ್ಮ ಡ್ಯಾಕ್ 24 ಬಿಟ್ಟಿನದಾದರೆ 8 ಬಿಟ್ ಖಾಲಿ ಜಾಗ ಸಿಕ್ಕಿತು ಅಲ್ವಾ? 48 ಡಿಬಿ ಇಳಿಸಿದರೂ ಹಾಡಿನ ಬಿಟ್ ಉದುರುವುದಿಲ್ಲ. ಲ್ಯಾಪ್‌ಟಾಪಿನ ಸೆಟ್ಟಿಂಗಲ್ಲಿ ಔಟ್‌ಪುಟ್ 24 ಬಿಟ್ ಇದೆಯಾ ನೋಡಿಕೊಳ್ಳಿ. ಆಮೇಲೆ ನಾಬನ್ನು ಹತ್ತು ಗಂಟೆ ಮುಳ್ಳಿನ ಜಾಗಕ್ಕೆ ತಂದು ಅಲ್ಲೇ ಬಿಡಿ. ಉಳಿದದ್ದನ್ನು ಲ್ಯಾಪ್‌ಟಾಪಲ್ಲಿ ಇಳಿಸಿ.

ಸುರತ್ಕಲ್ ಹಾರ್ನ್:
ಲೆಕ್ಕ ಸರಿ, ಆದರೆ ಅರ್ಧ. ಡಿಜಿಟಲ್ಲಲ್ಲಿ ಹಾಡು ಮಾತ್ರ ಇಳಿಯುತ್ತದೆ, ಡ್ಯಾಕಿನ ಸ್ವಂತ 'ಸುಯ್' ಇದ್ದಲ್ಲೇ ಇರುತ್ತದೆ. ಆಂಪಿನ ನಾಬ್ ಎರಡನ್ನೂ ಒಟ್ಟಿಗೆ ಇಳಿಸುತ್ತದೆ. 24 ಬಿಟ್ಟಿಗೆ ಅತಿ ಜೋರು ಸದ್ದಿಗೂ ಈ ಸುಯ್‌ಗೂ ನಡುವೆ 144 ಡಿಬಿ ಅಂತರ ಅನ್ನುವುದು ಬರೀ ಕಾಗದದ ಮೇಲೆ. ಒಳ್ಳೇ ಡ್ಯಾಕ್‌ಗಳೂ 120ರ ಆಸುಪಾಸು. ನನ್ನ ಹಾರ್ನ್ ಸ್ಪೀಕರ್ ಸಣ್ಣ ಸಿಗ್ನಲ್ಲಿಗೂ ಜೋರಾಗಿ ಕೂಗುತ್ತದೆ, ಅದರಲ್ಲಿ ಆ ಸದ್ದು ರಾತ್ರಿ ಕೇಳುತ್ತದೆ. ಅದಕ್ಕೇ ಪಿಜಿಎ2311 ಚಿಪ್ ಇರುವ ಪ್ರೀಆಂಪ್ ಇಟ್ಟುಕೊಂಡಿದ್ದೇನೆ. ಎಷ್ಟು ಇಳಿಸಬೇಕು ಅಂತ ಚಿಪ್ಪಿಗೆ ಹೇಳುವುದು ಡಿಜಿಟಲ್ಲಲ್ಲಿ, ಅದು ಸದ್ದು ಇಳಿಸುವುದು ಆನಲಾಗಲ್ಲಿ. ಅರ್ಧರ್ಧ ಡಿಬಿ ಇಳಿಯುತ್ತದೆ, ಎಡಬಲ ಜಗಳ ಇಲ್ಲ.

ಉಡುಪಿ ರಿಪೇರಿ:
ಹಾರ್ನಿಗಾದರೆ ಒಪ್ಪಿದೆ. ಮಣ್ಣಗುಡ್ಡೆಯವರೇ, ಫೈಲ್ ನಿಲ್ಲಿಸಿ, ನಾಬ್ ಹತ್ತರಲ್ಲೇ ಇಟ್ಟು, ದಿನಾ ಕೂರುವ ಕುರ್ಚಿಯಲ್ಲಿ ಕೂತು ನೋಡಿ. ಸುಯ್ ಕೇಳದಿದ್ದರೆ ಪ್ರೀಆಂಪ್ ಸುಮ್ನೆ ಖರ್ಚು. ಒಂದು ಮಾತ್ರ ಎಚ್ಚರ. ಅಪ್‌ಡೇಟೋ ಏನೋ ಆಗಿ ಲ್ಯಾಪ್‌ಟಾಪಿನ ವಾಲ್ಯೂಮ್ ನೂರಕ್ಕೆ ಹಾರುವುದುಂಟು. ಹಾಗೆ ಹಾರಿದರೂ ಸ್ಪೀಕರ್ ತಡೆಯುವಷ್ಟಕ್ಕೇ ನಾಬ್ ನಿಲ್ಲಿಸಿ.