ಬೇಸಿಗೆಯಲ್ಲಿ ಚಿಮಣಿಯಿಂದ ಸುಟ್ಟ ವಾಸನೆ, ಕೆಳಗೆ ಕಂದು ನೀರು: ಸ್ಟೀಲ್ ಲೈನರ್ ಹೋಯ್ತಾ?

ತಿಪಟೂರು_ಮಿಶಿಗನ್

ಎಲ್ಲರಿಗೂ ನಮಸ್ಕಾರ. ಮಸ್ಕೀಗನ್ ಹತ್ತಿರ, ಲೇಕ್ ಮಿಶಿಗನ್ ದಂಡೆಯಲ್ಲೇ ಒಂದು ಹಳೆಯ ಮನೆ ತಗೊಂಡಿದ್ದೇವೆ. ಇದು ಎರಡನೇ ವರ್ಷ. ಹಾಲ್‌ನಲ್ಲಿ ಕಟ್ಟಿಗೆ ಸ್ಟವ್ ಇದೆ. ಅದರ ಕಪ್ಪು ಪೈಪ್ ಗೋಡೆ ದಾಟಿ ಹೊರಗಿನ ಇಟ್ಟಿಗೆ ಚಿಮಣಿಗೆ ಸೇರುತ್ತದೆ. ಇಟ್ಟಿಗೆಯ ಒಳಗೆ 6 ಇಂಚಿನ ಸ್ಟೇನ್‌ಲೆಸ್ ಸ್ಟೀಲ್ ಲೈನರ್ (ಹೊಗೆ ಹೋಗುವ ಒಳಪೈಪ್), ಸುಕ್ಕುಸುಕ್ಕಾಗಿ ಬಾಗುವಂಥದ್ದು, ಸುಮಾರು 24 ಅಡಿ. ಕೆಳಗೆ ಟೀ, ಅಂದರೆ ಇಂಗ್ಲಿಷಿನ T ಆಕಾರದ ಪೈಪ್ ಜೋಡಣೆ, ಆ ಟೀಗೆ ಮುಚ್ಚಳ, ಹೊರಗೋಡೆಯಲ್ಲಿ ಕ್ಲೀನ್ ಮಾಡಲು ಒಂದು ಪುಟ್ಟ ಕಬ್ಬಿಣದ ಬಾಗಿಲು.

ಈಗ ಆಗಸ್ಟ್. ಏಪ್ರಿಲ್‌ನಿಂದ ಬೆಂಕಿ ಹಾಕಿಲ್ಲ. ಆದರೂ ಸರೋವರದ ಕಡೆಯಿಂದ ತೇವದ ಗಾಳಿ ಬೀಸಿದ ದಿನ ಹಾಲ್ ತುಂಬಾ ಟಾರು ಸುಟ್ಟ ವಾಸನೆ. ಒಗ್ಗರಣೆ ಹಾಕುವಾಗ ಅಡುಗೆಮನೆ ಫ್ಯಾನ್ ಹಾಕಿದರೆ ಇನ್ನೂ ಜಾಸ್ತಿ. ಹೆಂಡತಿ ಒಗ್ಗರಣೆ ಸೀದಿತು ಅಂತ ಎರಡು ಸಲ ಬಾಣಲೆ ಕೆಳಗಿಳಿಸಿದ್ದಾಳೆ. ಮೊನ್ನೆ ಆ ಪುಟ್ಟ ಬಾಗಿಲು ತೆಗೆದರೆ ಒಳಗೆ ಚಹಾ ಡಿಕಾಕ್ಷನ್ ಬಣ್ಣದ ನೀರು, ಒಂದು ಲೋಟದಷ್ಟು. ಫೋನ್ ಒಳಗೆ ತೂರಿಸಿ ಫೋಟೋ ತೆಗೆದೆ. ಲೈನರ್ ಮೇಲೆ ಕಿತ್ತಳೆ ಬಣ್ಣದ ಗೆರೆಗಳು.

ಒಬ್ಬ ಚಿಮಣಿಯವನನ್ನು ಕರೆಸಿದೆ. ಐದು ನಿಮಿಷ ಟಾರ್ಚ್ ಬಿಟ್ಟು ನೋಡಿದ. "ತುಕ್ಕು ಹಿಡಿದಿದೆ, ಪೂರ್ತಿ ಬದಲಾಯಿಸಬೇಕು, 4,200 ಡಾಲರ್" ಅಂದ. ಸ್ಟೇನ್‌ಲೆಸ್ ಸ್ಟೀಲ್‌ಗೆ ತುಕ್ಕು ಹೇಗೆ ಹಿಡಿಯುತ್ತದೆ? ಅಮ್ಮನ ಸ್ಟೀಲ್ ಡಬ್ಬಗಳು ನಲವತ್ತು ವರ್ಷದಿಂದ ಹಾಗೇ ಇವೆ!

ಇನ್ನೊಂದು ವಿಷಯ, ಬೇಕಾದೀತು ಅಂತ ಹೇಳುತ್ತಿದ್ದೇನೆ. ಕಟ್ಟಿಗೆ ಹಳೇ ಮಾಲೀಕರು ಬಿಟ್ಟುಹೋದ ಆ್ಯಶ್ ಮರದ್ದು. ಹಚ್ಚಲು ಮಾತ್ರ ನಮ್ಮ ಹಳೇ ಡಾಕ್ (ದೋಣಿ ನಿಲ್ಲಿಸಲು ನೀರಿನ ಮೇಲೆ ಕಟ್ಟಿದ ಹಲಗೆ ಕಟ್ಟೆ) ಮುರಿದ ಹಲಗೆ ಚೂರುಗಳನ್ನು ಬಳಸಿದ್ದೇವೆ. ಚೆನ್ನಾಗಿ ಒಣಗಿದ್ದವು, ಬೇಗ ಹತ್ತಿಕೊಳ್ಳುತ್ತಿದ್ದವು.

ದುಲೂತ್_ಅತ್ತೆ

ಹೆದರಬೇಡಪ್ಪ. ಕಂದು ನೀರು ಬಂತು ಅಂದರೆ ಲೈನರ್ ತೂತಾಯಿತು ಅಂತಲ್ಲ. ನಾನು ಲೇಕ್ ಸುಪೀರಿಯರ್ ದಂಡೆಯಲ್ಲಿ 27 ವರ್ಷದಿಂದ ಇದ್ದೇನೆ. ಯಜಮಾನರ ಮಂಡಿ ಹೋದ ಮೇಲೆ ಚಿಮಣಿ ನನ್ನ ಪಾಲಿಗೆ ಬಂತು. ಎಂಟು ವರ್ಷದಿಂದ ನಾನೇ ಉಜ್ಜುತ್ತೇನೆ.

ಡಾಕ್ ಹಲಗೆ ವಿಷಯಕ್ಕೇ ಮೊದಲು ಬರುತ್ತೇನೆ, ಯಾಕಂದರೆ ಲೈನರ್‌ಗಿಂತ ಅದು ದೊಡ್ಡದು. ನೀರಲ್ಲಿ ನಿಲ್ಲುವ ಹಲಗೆ ಅಂದರೆ ಔಷಧಿ ಕುಡಿಸಿದ ಮರ. 2003ರ ಕೊನೆಯವರೆಗೂ ಇಲ್ಲಿ ಮನೆ ಬಳಕೆಯ ಅಂಥ ಹಲಗೆಗಳಲ್ಲಿ ಆರ್ಸೆನಿಕ್ ಇರುತ್ತಿತ್ತು. ಸುಟ್ಟರೆ ಹೊಗೆಯಲ್ಲೂ ವಿಷ, ಬೂದಿಯಲ್ಲೂ ವಿಷ. ಇನ್ನೊಂದು ಚೂರೂ ಒಲೆಗೆ ಹಾಕಬೇಡ. ಆ ಬೂದಿ ಎಲ್ಲಿ ಹಾಕಿದೆ? ತರಕಾರಿ ಪಾತಿಗಂತೂ ಅಲ್ಲ ತಾನೆ?

ಈಗ ವಾಸನೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೋಡಿದ್ದೀಯಲ್ಲ, ತೇವ ಎಳೆದುಕೊಂಡು ನೀರೊಡೆಯುತ್ತದೆ. ಚಿಮಣಿಯ ಮಸಿಯೂ ಹಾಗೇ. ಒಣಗಿದ್ದರೆ ಸುಮ್ನೆ ಕೂತಿರುತ್ತದೆ. ತೇವ ಕುಡಿದರೆ ಹುಳಿ ನೀರಾಗುತ್ತದೆ, ಸ್ಟೀಲನ್ನು ನಿಧಾನಕ್ಕೆ ತಿನ್ನುತ್ತದೆ. ಚಳಿಗಾಲದಲ್ಲಿ ಮನೆ ಬೆಚ್ಚಗೆ, ಹೊರಗೆ ಚಳಿ, ಚಿಮಣಿಯ ಗಾಳಿ ಮೇಲಕ್ಕೆ ಹೋಗುತ್ತದೆ. ಬೇಸಿಗೆಯಲ್ಲಿ ಎಸಿ ಹಾಕಿದ ಮನೆ ತಣ್ಣಗೆ. ಗಾಳಿ ತಿರುಗಿ ಕೆಳಗಿಳಿಯುತ್ತದೆ, ಸರೋವರದ ತೇವವನ್ನೂ ಮಸಿಯ ವಾಸನೆಯನ್ನೂ ಹೊತ್ತುಕೊಂಡು. ಒಗ್ಗರಣೆ ಫ್ಯಾನ್ ಹೊರಗೆ ತಳ್ಳಿದಷ್ಟು ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕಲ್ವಾ? ನಿನ್ನ ಮನೆಯಲ್ಲಿ ಅದು ಚಿಮಣಿಯಿಂದ ಬರುತ್ತಿದೆ. ಫ್ಯಾನ್ ಹಾಕುವಾಗ ಹತ್ತಿರದ ಕಿಟಕಿ ಎರಡು ಇಂಚು ತೆಗೆದಿಟ್ಟು ನೋಡು, ಇವತ್ತೇ ವ್ಯತ್ಯಾಸ ಗೊತ್ತಾಗುತ್ತದೆ.

ಹಾಗಾಗಿ ನಿನ್ನ ನಿಜವಾದ ತಪ್ಪು ಏಪ್ರಿಲ್‌ನದು. ಕೊನೆಯ ಬೆಂಕಿ ಆರಿದ ಮೇಲೆ ಲೈನರ್ ಉಜ್ಜಬೇಕಿತ್ತು. ಎಲ್ಲರೂ ಅಕ್ಟೋಬರ್‌ನಲ್ಲಿ, ಚಳಿ ಶುರುವಾಗುವ ಮುಂಚೆ ಮಾಡಿಸುತ್ತಾರೆ. ಒಣ ಊರಲ್ಲಿ ನಡೆದೀತು. ನಮ್ಮಂಥ ನೀರ ದಂಡೆಯವರು ಹಾಗೆ ಮಾಡಿದರೆ ಆ ಮಸಿ ಐದಾರು ತಿಂಗಳು ಒದ್ದೆಯಾಗಿ ಸ್ಟೀಲಿಗೆ ಅಂಟಿಕೊಂಡಿರುತ್ತದೆ. ನಾನು ಮೇ ಮೊದಲ ವಾರ ಉಜ್ಜುತ್ತೇನೆ, ಸೆಪ್ಟೆಂಬರ್‌ನಲ್ಲಿ ಹಕ್ಕಿ ಗೂಡು, ಎಲೆ ಏನಾದರೂ ಇದೆಯಾ ಅಂತ ಒಮ್ಮೆ ನೋಡುತ್ತೇನೆ ಅಷ್ಟೇ.

ಅಮ್ಮನ ಡಬ್ಬ ವಿಷಯ: ಡಬ್ಬದೊಳಗೆ ಅಕ್ಕಿ ಬೇಳೆ ಇತ್ತು, ಹುಳಿ ಮಸಿ ಇರಲಿಲ್ಲ. ಡಬ್ಬ ದಪ್ಪ ಕೂಡ. ಬಾಗುವ ಲೈನರ್‌ಗಳಲ್ಲಿ ಹಗುರದ ನಮೂನೆಯ ತಗಡು ಕಾಲು ಮಿಲಿಮೀಟರ್ ಕೂಡ ಇರುವುದಿಲ್ಲ, 0.13 ಮಿಲಿಮೀಟರ್ ಹತ್ತಿರ. ಮತ್ತೆ ಸ್ಟೇನ್‌ಲೆಸ್ ಅಂದರೆ ಎಲ್ಲ ಒಂದೇ ಅಲ್ಲ. ಪಾತ್ರೆ ಸ್ಟೀಲು ಸಾಮಾನ್ಯವಾಗಿ 304 ಅನ್ನುವ ದರ್ಜೆಯದು. ಕಟ್ಟಿಗೆ ಲೈನರ್‌ಗೆ 316 ಒಳ್ಳೆಯದು. ಅದರಲ್ಲಿ ಮಾಲಿಬ್ಡಿನಮ್ ಇರುತ್ತದೆ, ಉಪ್ಪಿನ ಅಂಶಕ್ಕೆ ಜಾಸ್ತಿ ತಡೆಯುತ್ತದೆ. ಟೈಟಾನಿಯಂ ಸೇರಿಸಿದ್ದು 316 ಟಿಐ. ನಿನ್ನದು ಯಾವುದು ಅಂತ ಲೈನರ್ ಜೊತೆ ಬರುವ ಲೋಹದ ಲೇಬಲ್ ನೋಡು, ಚಿಮಣಿ ಹತ್ತಿರವೇ ಎಲ್ಲಾದರೂ ಹೊಡೆದಿರುತ್ತಾರೆ.

ಕಿತ್ತಳೆ ಗೆರೆ ಕಂಡ ತಕ್ಷಣ 4,200 ಅಂದವನನ್ನು ನಾನಾದರೆ ಕಾಫಿ ಕೊಟ್ಟು ಕಳಿಸುತ್ತಿದ್ದೆ. ಒದ್ದೆ ಬಟ್ಟೆಗೆ ಅಡುಗೆ ಸೋಡಾ ಹಾಕಿಕೊಂಡು, ಕೈಗವಸು ತೊಟ್ಟು ಗೆರೆಯನ್ನು ಒರೆಸು. ಬಟ್ಟೆಗೆ ಬಂದು ಕೆಳಗೆ ಸ್ಟೀಲ್ ಹೊಳೆದರೆ ಅದು ಬೇರೆ ಕಡೆಯಿಂದ ಹರಿದುಬಂದ ತುಕ್ಕು. ಹೆಚ್ಚಾಗಿ ಮೇಲಿನ ಟೋಪಿಯ ಸ್ಕ್ರೂಗಳದ್ದು. ಯಾರೋ ಸತು ಲೇಪಿಸಿದ ಮಾಮೂಲಿ ಕಬ್ಬಿಣದ ಸ್ಕ್ರೂ ಹೊಡೆದಿರುತ್ತಾರೆ, ಅದು ಕೊಳೆತು ಮಳೆ ನೀರಲ್ಲಿ ಗೆರೆ ಎಳೆಯುತ್ತದೆ. ಒರೆಸಿದ ಮೇಲೂ ಸೂಜಿಮೊನೆಯಂಥ ಕಪ್ಪು ಗುಳಿ ಉಳಿದು, ಹಲ್ಲುಕಡ್ಡಿ ಎಳೆದರೆ ಸಿಕ್ಕಿಕೊಂಡರೆ, ಆಗ ಸ್ಟೀಲೇ ತಿಂದುಹೋಗಿದೆ ಅಂತ. ಮೊದಲು ಟೀ ನೋಡು. ನೀರು ನಿಲ್ಲುವುದು ಅಲ್ಲೇ.

ಇನ್ನು ಮಸಿ. ಕೈಯಲ್ಲಿ ಹಿಡಿದು ನೋಡಿದರೆ ಅರ್ಧ ಕಥೆ ಗೊತ್ತಾಗುತ್ತದೆ. ಕಾಫಿ ಪುಡಿಯಂತೆ ಉದುರಿದರೆ ಚಿಂತೆ ಇಲ್ಲ. ಹಪ್ಪಳದ ಚೂರಿನಂತೆ ಹೊಳೆಯುತ್ತಾ ಪಕಳೆ ಪಕಳೆಯಾಗಿ ಬಂದರೆ ಬೆಂಕಿ ಮಂದವಾಗಿ ಉರಿದಿದೆ ಅಥವಾ ಕಟ್ಟಿಗೆ ಹಸಿ. ಜೋನಿಬೆಲ್ಲ ಸುರಿದು ಗಟ್ಟಿಯಾದ ಹಾಗೆ ಕರ್ರಗೆ ಮಿಂಚುತ್ತಿದ್ದರೆ ಮುಟ್ಟಬೇಡ, ಗೊತ್ತಿರುವವರನ್ನು ಕರೆಸು. ಅದು ಬ್ರಷ್‌ಗೆ ಬರುವುದಿಲ್ಲ, ಹತ್ತಿಕೊಂಡರೆ ಚಿಮಣಿಯೊಳಗೆ ಸಾವಿರ ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮಸಿ 3 ಮಿಲಿಮೀಟರ್ ದಪ್ಪ ಆಗುವುದರೊಳಗೆ ತೆಗೆಯಬೇಕು.

ಬ್ರಷ್ ನೈಲಾನ್‌ದೇ ತಗೋ, ಲೈನರ್ ಅಳತೆಯದೇ. ಇಟ್ಟಿಗೆ ಚಿಮಣಿಗೆ ಬಳಸುವ ಉಕ್ಕಿನ ತಂತಿ ಬ್ರಷ್ ಬೇಡ. ಅದರ ಚೂರುಗಳು ಸುಕ್ಕಿನಲ್ಲಿ ಸಿಕ್ಕಿ ಅವೇ ತುಕ್ಕು ಹಿಡಿಯುತ್ತವೆ, ಲೈನರ್ ಗೀಚುತ್ತದೆ ಬೇರೆ. ನಾನು ಮಾಡಿನ ಮೇಲೆ ಹತ್ತುವುದಿಲ್ಲ. ಟೀ ಮುಚ್ಚಳ ತೆಗೆದು ಕೆಳಗಿನಿಂದಲೇ ಬಾಗುವ ಕೋಲುಗಳನ್ನು ಒಂದಕ್ಕೊಂದು ಸೇರಿಸಿ ಮೇಲಕ್ಕೆ ತಳ್ಳುತ್ತೇನೆ. ಡ್ರಿಲ್‌ಗೆ ಸಿಕ್ಕಿಸಿ ತಿರುಗಿಸುವ ನೈಲಾನ್ ದಾರದ ನಮೂನೆಯೂ ಬರುತ್ತದೆ, ನಿಧಾನಕ್ಕೆ ತಿರುಗಿಸಿದರೆ ಚೆನ್ನಾಗಿದೆ. ಆದರೆ ತಿರುಪಿನ ಕೋಲಾದರೆ ಎಡಕ್ಕೆ ತಿರುಗಿಸಬೇಡ. ನಮ್ಮ ಯಜಮಾನರು ಒಮ್ಮೆ ಎಡಕ್ಕೆ ತಿರುಗಿಸಿ, ತಿರುಪು ಬಿಚ್ಚಿಕೊಂಡು, ಬ್ರಷ್ 15 ಅಡಿ ಮೇಲೆ ಕೂತಿತು. ಅದನ್ನು ಇಳಿಸಲು ಕರೆಸಿದವನಿಗೆ ಕೊಟ್ಟ ದುಡ್ಡಲ್ಲಿ ಹೊಸ ಬ್ರಷ್ ಮೂರು ಬರುತ್ತಿತ್ತು. ಮೂಗಿಗೆ ಮಾಸ್ಕ್ ಕಟ್ಟಿಕೋ, ನಿನ್ನ ಮಸಿಯಲ್ಲಿ ಆ ಹಲಗೆಯದ್ದೂ ಇದೆ.

ಇಷ್ಟೆಲ್ಲ ಹೇಳಿದರೂ, ಈ ಸಲ ಮಾತ್ರ ಪ್ರಮಾಣಪತ್ರ ಇರುವ ಇನ್ನೊಬ್ಬರನ್ನು ಕರೆಸಿ ಮೇಲಿಂದ ಕೆಳಗೆ ಕ್ಯಾಮೆರಾ ಇಳಿಸಿ ನೋಡಿಸು. ಇದಕ್ಕೆ ಲೆವೆಲ್ 2 ಅಂತಾರೆ. ಎನ್‌ಎಫ್‌ಪಿಎ (ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ) 211 ನಿಯಮದ ಪ್ರಕಾರ ಮನೆ ಕೈ ಬದಲಾಗುವಾಗಲೇ ಆಗಬೇಕಿತ್ತು. ವಿಡಿಯೋ ನಿನ್ನ ಕೈಗೆ ಕೊಡಬೇಕು, ಅದನ್ನು ಮೊದಲೇ ಮಾತಾಡಿಕೋ.

ಬೇ_ಏರಿಯಾ_ಬಾಯ್

ಇಷ್ಟೊಂದು ತಲೆ ಯಾಕೆ ಕೆಡಿಸ್ಕೋತೀರಾ ಗುರೂ. ಅಂಗಡಿಯಲ್ಲಿ ಚಿಮಣಿ ಕ್ಲೀನ್ ಮಾಡುವ, ರಾಸಾಯನಿಕ ಹಾಕಿದ ಕೊರಡು ಸಿಗುತ್ತೆ, ಒಂದು ಸುಟ್ಟರೆ ಆಯ್ತು. ವಾಸನೆಗೆ ಟೀ ಒಳಗೆ ಸ್ವಲ್ಪ ಬ್ಲೀಚ್ ಸಿಂಪಡಿಸಿ.

ದುಲೂತ್_ಅತ್ತೆ

ಬ್ಲೀಚ್ ಬೇಡ! ಬೇಡವೇ ಬೇಡ. ಸ್ಟೇನ್‌ಲೆಸ್ ಸ್ಟೀಲಿಗೆ ಗುಳಿ ಬೀಳಿಸುವುದೇ ಕ್ಲೋರೈಡ್. ವಾಷಿಂಗ್ ಮಷೀನ್ ಪಕ್ಕ ಬ್ಲೀಚ್ ಡಬ್ಬ ತೆರೆದಿಟ್ಟು, ಅದರ ಆವಿಯನ್ನು ಒಲೆ ಎಳೆದುಕೊಂಡರೂ ಕಷ್ಟ. ಕೊರಡು ಗಟ್ಟಿ ಮಸಿಯನ್ನು ಸ್ವಲ್ಪ ಪುಡಿಯಾಗಿಸುತ್ತದೆ, ನಿಜ. ಉಜ್ಜುವ ಕೆಲಸ ಅದು ಮಾಡುವುದಿಲ್ಲ. ಪುಡಿಯಾಗಿ ಉದುರಿದ್ದನ್ನು ಟೀಯಿಂದ ತೆಗೆಯುವವರು ಯಾರಪ್ಪ?

ಹಿನ್ನೀರು_ಹುಡುಗ

ಸಾಗರದ ಕಡೆಯವನು ನಾನು, ಶರಾವತಿ ಹಿನ್ನೀರಿನ ಅಂಚಿನ ಮನೆ. ನಮ್ಮಲ್ಲಿ ಹಾಲ್‌ನಲ್ಲಿ ಒಲೆ ಇಲ್ಲ, ಬಚ್ಚಲ ಒಲೆ ಇದೆ. ಅದರ ಹೊಗೆ ಪೈಪಿನ ಕಥೆ ಇದೇ ಥರ ಇದೆ ಅಂತ ಬರೆಯುತ್ತಿದ್ದೇನೆ.

ಮೊದಲು ಜಿಐ ತಗಡಿನ ಪೈಪ್ ಇತ್ತು. ಮೂರು ಮಳೆಗಾಲಕ್ಕೆ ಜರಡಿಯಾಯಿತು. ಆಮೇಲೆ ಸ್ಟೀಲ್ ಪೈಪ್ ಹಾಕಿಸಿದೆವು, 304. ಇನ್ನು ಚಿಂತೆ ಇಲ್ಲ ಅಂದುಕೊಂಡರೆ ಐದನೇ ವರ್ಷ ಗೋಡೆ ದಾಟುವ ಬೆಂಡಿನಲ್ಲಿ ಸೂಜಿ ಚುಚ್ಚಿದ ಹಾಗೆ ತೂತುಗಳು. ಅಜ್ಜಿ ಬಚ್ಚಲಲ್ಲಿ ಕೂತು "ಗೋಡೆ ಹೊಗೆ ಕಾರ್ತಾ ಇದೆ" ಅಂದಾಗಲೇ ಗೊತ್ತಾಗಿದ್ದು. ಕಾರಣ ಹುಡುಕಿದರೆ ನಮ್ಮ ಉರುವಲು: ವರ್ಷವಿಡೀ ತೆಂಗಿನ ಸಿಪ್ಪೆ. ಅದರಲ್ಲಿ ಉಪ್ಪಿನ ಅಂಶ ಜಾಸ್ತಿ. ಪೈಪಿನ ತುದಿಗೆ ಟೋಪಿ ಬೇರೆ ಇರಲಿಲ್ಲ, ಜೂನ್‌ನಿಂದ ಮಳೆ ನೇರ ಒಳಗೆ.

ಈಗ ಬೆಂಡಿನ ಜಾಗಕ್ಕೆ 316, ಮೇಲೆ ಟೋಪಿ. ಮಳೆಗಾಲದಲ್ಲಿ ಒಲೆ ನಿಲ್ಲಿಸುವ ಮಾತೇ ಇಲ್ಲ, ಬಿಸಿನೀರು ಬೇಕಾಗುವುದೇ ಆವಾಗ. ಹಾಗಾಗಿ ತಿಂಗಳಿಗೊಮ್ಮೆ ಅಡಿಕೆ ದಬ್ಬೆಗೆ ಗೋಣಿ ಸುತ್ತಿ ತೂರಿಸುತ್ತೇವೆ. ನೈಲಾನ್ ಬ್ರಷ್‌ಗೆ ಸಮ ಅಲ್ಲ, ಆದರೆ ಗೀಚುವುದಿಲ್ಲ. ಇಲ್ಲಣ ಮಾತ್ರ ಮುಖಕ್ಕೇ ಬೀಳುತ್ತದೆ. ಆ ದಿನ ನನ್ನನ್ನು ನೋಡಿ ನಾಯಿ ಬೊಗಳುತ್ತದೆ.

ದುಲೂತ್_ಅತ್ತೆ

ಗೋಣಿ ಸುತ್ತಿದ ದಬ್ಬೆ! ಇಷ್ಟು ವರ್ಷ ಅಂಗಡಿಗೆ ದುಡ್ಡು ಸುರಿದೆನಲ್ಲ.

ತಿಪಟೂರು_ಮಿಶಿಗನ್

ಮೂರು ವಾರ ಆಯಿತು, ಆದದ್ದು ಹೇಳಿಬಿಡುತ್ತೇನೆ.

ಅತ್ತೆ, ಬೂದಿ ಹಾಕಿದ್ದು ಮೆಂತ್ಯ ಸೊಪ್ಪಿನ ಪಾತಿಗೇ. ನಿಮ್ಮ ಉತ್ತರ ಓದಿದ ದಿನವೇ ಸೊಪ್ಪು ಕಿತ್ತು ಬಿಸಾಡಿದೆ. ಮಣ್ಣಿನ ಸ್ಯಾಂಪಲ್ ಪರೀಕ್ಷೆಗೆ ಕಳಿಸಿದ್ದೇನೆ, ಫಲಿತಾಂಶ ಇನ್ನೂ ಬಂದಿಲ್ಲ. ಉಳಿದ ಡಾಕ್ ಹಲಗೆಗಳು ಕಸದ ಕೇಂದ್ರಕ್ಕೆ ಹೋದವು.

ಕಿಟಕಿ ಉಪಾಯ ಅದೇ ಸಂಜೆ ಕೆಲಸ ಮಾಡಿತು. ಹೆಂಡತಿ ನಿಮಗೆ ಥ್ಯಾಂಕ್ಸ್ ಹೇಳಿದ್ದಾಳೆ.

ಇನ್ನೊಬ್ಬರನ್ನು ಕರೆಸಿದೆ, ಹೆಂಗಸು. ಮೊದಲು ಮಾಡು ಹತ್ತಿ ಟೋಪಿ ಬಿಚ್ಚಿ ಮೂರು ಸ್ಕ್ರೂ ತಂದು ನನ್ನ ಅಂಗೈಗೆ ಹಾಕಿದರು. ಸ್ಕ್ರೂ ಅಂತ ಹೇಳಬೇಕು ಅಷ್ಟೇ, ಬೆಲ್ಲದ ಚೂರಿನ ಹಾಗೆ ಬೆರಳಲ್ಲಿ ಪುಡಿಯಾದವು. ಟೋಪಿ ಕೆಳಗಿನ ಸೀಲೂ ಬಿರುಕು ಬಿಟ್ಟು ಮಳೆ ಒಳಗೆ ಬರುತ್ತಿತ್ತಂತೆ. ಆಮೇಲೆ ಲೈನರ್ ಉಜ್ಜಿದರು. ಒಂದೂವರೆ ಲೀಟರ್‌ನಷ್ಟು ಮಸಿ, ಹೆಚ್ಚಿನದು ಕಾಫಿ ಪುಡಿ ನಮೂನೆ. ಮೇಲಿನ ನಾಲ್ಕು ಅಡಿಯಲ್ಲಿ ಮಾತ್ರ ಹಪ್ಪಳ. ಹೊರಗೋಡೆಯ ಚಿಮಣಿ ತಣ್ಣಗಿರುತ್ತದೆ, ಹೊಗೆ ತುದಿ ಮುಟ್ಟುವಷ್ಟರಲ್ಲಿ ಆರಿ ಅಲ್ಲೇ ಅಂಟುತ್ತದೆ ಅಂದರು. ಲೈನರ್‌ಗೆ ಸುತ್ತಲೂ ಇನ್ಸುಲೇಷನ್ ಕಂಬಳಿ ಇಲ್ಲ, ಮುಂದೆ ಬದಲಾಯಿಸುವಾಗ ಹಾಕಿಸಿ ಅಂತ ಸಲಹೆ.

ಕ್ಯಾಮೆರಾದಲ್ಲಿ ಲೈನರ್ ಉದ್ದಕ್ಕೂ ಚೆನ್ನಾಗಿದೆ. ಗೆರೆ ಒರೆಸಿದರೆ ಹೋಯಿತು. ಟೀ ತಳದಲ್ಲಿ ಮಾತ್ರ ಗುಳಿಗಳು, ಒಂದು ಕಡೆ ಪೂರ್ತಿ ತೂತು. ಟೀ, ಮುಚ್ಚಳ, ಸ್ಟೇನ್‌ಲೆಸ್ ಸ್ಕ್ರೂ, ಸೀಲು, ಕ್ಯಾಮೆರಾ ಎಲ್ಲ ಸೇರಿ 780 ಡಾಲರ್.

ಕಟ್ಟಿಗೆಯನ್ನೂ ಅಳೆದೆ. ಒಂದನ್ನು ಸೀಳಿ, ಒಳಗಿನ ಹೊಸ ಮುಖಕ್ಕೆ ತೇವ ಅಳೆಯುವ ಮೀಟರ್ ಚುಚ್ಚಿದರೆ ಶೇಕಡಾ 26 ತೋರಿಸಿತು. ಹೊರಗಿನಿಂದ ಚುಚ್ಚಿದಾಗ 17 ಇತ್ತು!

ದುಲೂತ್_ಅತ್ತೆ

26 ಅಂದರೆ ಹಸಿ. 20ರ ಕೆಳಗೆ ಬರಬೇಕು. ಸೀಳಿ, ಮೇಲೆ ಮಾತ್ರ ಹೊದಿಸು, ಪಕ್ಕದಿಂದ ಗಾಳಿ ಆಡಲಿ. ಟಾರ್ಪಾಲಿನ್ ನೆಲದವರೆಗೆ ಎಳೆದರೆ ಸರೋವರದ ತೇವ ಒಳಗೇ ಉಳಿಯುತ್ತದೆ. ಈ ಚಳಿಗಾಲಕ್ಕೆ ಒಣಗಿದ್ದನ್ನು ಸ್ವಲ್ಪ ಕೊಂಡುಕೋ, ಇದು ಮುಂದಿನ ವರ್ಷಕ್ಕಿರಲಿ.

ಲೇಬಲ್ ಸಿಕ್ಕಿತಾ? ಫೋಟೋ ತೆಗೆದಿಟ್ಟುಕೋ. ಉಜ್ಜಿಸಿದ ಬಿಲ್ಲೂ ಅದರ ಜೊತೆಗಿರಲಿ, ವಾರಂಟಿಗೆ ವರ್ಷ ವರ್ಷದ ಬಿಲ್ ಕೇಳುತ್ತಾರೆ.